ತಾಯಿ ಕಾರ್ಡಿಗೂ ಮೊದಲಿನ ವಾರಗಳು: ಮದ್ಯ, ಗರ್ಭ ಮತ್ತು ನೆರವಿನ ದಾರಿ

ಗರ್ಭಿಣಿಯ ಹೆಸರು ಬರೆದುಕೊಂಡು ಆರೋಗ್ಯ ಕೇಂದ್ರ ಕೊಡುವ ತಾಯಿ ಕಾರ್ಡ್ ಕೈಗೆ ಬರುವ ಹೊತ್ತಿಗೆ ಗರ್ಭಕ್ಕೆ ಎರಡು ತಿಂಗಳು ತುಂಬಿರುವುದೇ ಹೆಚ್ಚು. ಮುಟ್ಟು ತಪ್ಪಿದ್ದು ಗಮನಕ್ಕೆ ಬಂದು, ಇನ್ನೊಂದು ವಾರ ನೋಡೋಣವೆಂದು ಕಾದು, ಆಶಾ ಕಾರ್ಯಕರ್ತೆಯಿಂದ ಕಿಟ್ ಪಡೆದು ಪರೀಕ್ಷಿಸಿ, ತೋಟದ ಕೆಲಸಕ್ಕೆ ಒಂದು ದಿನ ರಜೆ ಹಾಕಿ ಆರೋಗ್ಯ ಕೇಂದ್ರಕ್ಕೆ ಹೋಗುವಷ್ಟರಲ್ಲಿ ಅಷ್ಟು ದಿನಗಳು ಸರಿದಿರುತ್ತವೆ. ಕಾರ್ಡ್ ಕೊಡುವಾಗ ಕಬ್ಬಿಣಾಂಶದ ಮಾತ್ರೆ, ಚುಚ್ಚುಮದ್ದು, ಸ್ಕ್ಯಾನಿಂಗ್ ಕುರಿತ ಸೂಚನೆಗಳ ಜೊತೆಗೆ ‘ಕುಡಿಯಬಾರದು’ ಎಂಬ ಮಾತೂ ಬಂದರೆ ಅದು ಸರಿಯಾದ ಮಾತೇ. ಆದರೆ ಆ ಮಾತು ತಲುಪುವ ಮೊದಲೇ ಶಿಶುವಿನ ಮಿದುಳು ಮತ್ತು ಮುಖದ ಕಟ್ಟಡದ ಅಡಿಪಾಯ ಬಿದ್ದಾಗಿರುತ್ತದೆ. ಮದ್ಯದಿಂದ ಗರ್ಭಕ್ಕೆ ಆಗುವ ಹಾನಿಯನ್ನು ತಡೆಯಲು ರೂಪುಗೊಂಡ ನೆರವಿನ ಕಾರ್ಯಕ್ರಮಗಳಲ್ಲಿ ಮುಖ್ಯವಾದ ಕೆಲವು, ಗರ್ಭಿಣಿಯರಿಗಿಂತ ಮೊದಲು ಇನ್ನೂ ಗರ್ಭ ಧರಿಸದ ಹೆಂಗಸರನ್ನು ಹುಡುಕಿಕೊಂಡು ಹೋಗುವುದಕ್ಕೆ ಈ ಲೆಕ್ಕಾಚಾರವೇ ಕಾರಣ.

ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ವೈದ್ಯರು ಗರ್ಭದ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಗರ್ಭ ಕಟ್ಟುವುದು ಅದಾಗಿ ಸುಮಾರು ಎರಡು ವಾರಕ್ಕೆ. ಮುಂದಿನ ಮುಟ್ಟು ತಪ್ಪುವುದು ನಾಲ್ಕನೆಯ ವಾರದ ಕೊನೆಗೆ. ಶಿಶುವಿನ ಹೃದಯ ಮಿಡಿಯಲು ಶುರುವಾಗುವುದು ಗರ್ಭ ಕಟ್ಟಿದ ಮೂರು ವಾರಗಳ ಆಸುಪಾಸಿನಲ್ಲಿ. ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯಬೇಕಾದ ನರಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಸುಮಾರು 28ನೆಯ ದಿನಕ್ಕೆ. ಮುಖದ ರೂಪುರೇಷೆ ಮೂಡುವುದು ಅದೇ ಎಣಿಕೆಯ ಮೂರರಿಂದ ಎಂಟನೆಯ ವಾರದೊಳಗೆ. ಮುಟ್ಟು ಎಂಟು ಹತ್ತು ದಿನ ಹಿಂದುಮುಂದಾಗುವುದು ಅಭ್ಯಾಸವಾಗಿರುವ ಹೆಣ್ಣಿಗೆ, ಅಥವಾ ಮೊದಲ ಮಗುವಿಗೆ ಹಾಲೂಡಿಸುತ್ತಿರುವುದರಿಂದ ಮುಟ್ಟೇ ಮರಳದ ಬಾಣಂತಿಗೆ, ಈ ಎಲ್ಲವೂ ತಿಳಿಯದೆಯೇ ನಡೆದುಹೋಗಬಹುದು.

ಈ ಅವಧಿಯಲ್ಲಿ ಮದ್ಯ ಏನು ಮಾಡುತ್ತದೆ? ತಾಯಿ ಕುಡಿದ ಮದ್ಯ ಅವಳ ರಕ್ತದಿಂದ ಮಾಸನ್ನು (ಪ್ಲಾಸೆಂಟಾ) ದಾಟಿ ಶಿಶುವಿನ ರಕ್ತಕ್ಕೆ ಸೇರುತ್ತದೆ. ಮಾಸು ಅದನ್ನು ತಡೆಯುವ ಜರಡಿಯಲ್ಲ. ಸ್ವಲ್ಪ ಹೊತ್ತಿನಲ್ಲೇ ಇಬ್ಬರ ರಕ್ತದಲ್ಲೂ ಅದರ ಮಟ್ಟ ಹೆಚ್ಚುಕಡಿಮೆ ಒಂದೇ ಆಗುತ್ತದೆ. ತಾಯಿಯ ಯಕೃತ್ತು ಅದನ್ನು ಕರಗಿಸಿ ಹೊರಹಾಕಬಲ್ಲದು. ಶಿಶುವಿನ ಯಕೃತ್ತಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಮುಂದಿನ ತಿಂಗಳುಗಳಲ್ಲಿ ಶಿಶು ತನ್ನ ಸುತ್ತಲಿನ ಗರ್ಭನೀರನ್ನು ನುಂಗಿ, ಮತ್ತೆ ಅಲ್ಲಿಗೇ ಮೂತ್ರ ವಿಸರ್ಜಿಸುವುದರಿಂದ, ಆ ನೀರು ಮದ್ಯವನ್ನು ಹಿಡಿದಿಟ್ಟುಕೊಳ್ಳುವ ತೊಟ್ಟಿಯಂತಾಗುತ್ತದೆ. ಬೆಳೆಯುತ್ತಿರುವ ನರಕೋಶಗಳು ಸಾಯುವುದು, ತಮ್ಮ ಜಾಗಕ್ಕೆ ಸಾಗಬೇಕಾದವು ದಾರಿ ತಪ್ಪುವುದು, ಒಂದಕ್ಕೊಂದು ಸರಿಯಾಗಿ ಬೆಸೆಯದಿರುವುದು ಇದರ ಫಲ. ಮುಖದ ಲಕ್ಷಣಗಳಿಗೆ ಅಪಾಯದ ವಾರಗಳು ಕೆಲವೇ ಇದ್ದರೂ ಮಿದುಳು ಒಂಬತ್ತೂ ತಿಂಗಳು ಬೆಳೆಯುವುದರಿಂದ ಅದಕ್ಕೆ ‘ಇನ್ನು ಪರವಾಗಿಲ್ಲ’ ಎನ್ನುವ ತಿಂಗಳಿಲ್ಲ. ಅದೇ ಕಾರಣಕ್ಕೆ ಯಾವ ತಿಂಗಳಲ್ಲಿ ನಿಲ್ಲಿಸಿದರೂ ಅಲ್ಲಿಂದ ಮುಂದಿನ ಹಾನಿ ತಪ್ಪುತ್ತದೆ. ಗರ್ಭ ತಿಳಿಯುವ ಮೊದಲು ಒಂದೆರಡು ಬಾರಿ ಕುಡಿದೆನೆಂದು ಹೆದರಿ ಬರುವವರಿಗೆ ವೈದ್ಯರು ಮೊದಲು ಹೇಳಬೇಕಾದ ಮಾತು ಇದು. ಕುಡಿದ ಮಾತ್ರಕ್ಕೆ ಪ್ರತಿ ಮಗುವಿಗೂ ಹಾನಿ ಆಗಿಯೇ ತೀರುತ್ತದೆ ಎಂದಲ್ಲ. ಇಷ್ಟು ಪ್ರಮಾಣದವರೆಗೆ ಕುಡಿದರೆ ತೊಂದರೆಯಿಲ್ಲ ಎಂದು ಗೆರೆ ಎಳೆದು ತೋರಿಸಲು ಮಾತ್ರ ವೈದ್ಯಶಾಸ್ತ್ರಕ್ಕೆ ಈವರೆಗೂ ಸಾಧ್ಯವಾಗಿಲ್ಲ.

ಈ ತಿಳಿವಳಿಕೆ ಹಳೆಯದೇನಲ್ಲ. ಫ್ರಾನ್ಸ್‌ನ ನಾಂತ್ ನಗರದ ವೈದ್ಯ ಪೌಲ್ ಲೆಮ್ವಾನ್ ಮತ್ತು ಸಂಗಡಿಗರು ಕುಡಿಯುವ ಹೆತ್ತವರ 127 ಮಕ್ಕಳನ್ನು ಗಮನಿಸಿ 1968ರಲ್ಲಿ ಬರೆದದ್ದು ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿದ್ದ ವೈದ್ಯರಾದ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಇಂಥ ತೊಂದರೆಗಳ ಗುಂಪನ್ನು ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಎಂದು ಕರೆದ ಮೇಲೆ ವಿಷಯ ಜಗತ್ತಿಗೆ ತಿಳಿಯಿತು. ಕಿರಿದಾದ ಕಣ್ಣಿನ ಸೀಳು, ತೆಳ್ಳನೆಯ ಮೇಲ್ದುಟಿ, ಮೂಗು ಮತ್ತು ತುಟಿಯ ನಡುವಿನ ತಗ್ಗು ಮಾಸಿ ಸಪಾಟಾಗಿರುವುದು, ಕುಂಠಿತ ಬೆಳವಣಿಗೆ, ಮಿದುಳಿನ ತೊಂದರೆ ಇದರ ಗುರುತುಗಳು. ಮುಖದಲ್ಲಿ ಯಾವ ಗುರುತೂ ಇಲ್ಲದೆ ಕಲಿಕೆ, ನೆನಪು, ಸಿಟ್ಟಿನ ಹತೋಟಿ, ಲೆಕ್ಕ, ಸಮಯಪಾಲನೆಗಳಲ್ಲಿ ಮಾತ್ರ ಎಡವುವ ಮಕ್ಕಳು ಇವರಿಗಿಂತ ಎಷ್ಟೋ ಹೆಚ್ಚು. ಇವರನ್ನು ಶಾಲೆಯಲ್ಲಿ ‘ದಡ್ಡ’ ಅಥವಾ ‘ಪೋಕರಿ’ ಎಂದು ಕರೆದು ವಿಷಯ ಮುಗಿಸಿಬಿಡುವುದು ಸುಲಭ. 2017ರಲ್ಲಿ ಪ್ರಕಟವಾದ ಜಾಗತಿಕ ಅಂದಾಜುಗಳಂತೆ, ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ ಗರ್ಭಾವಸ್ಥೆಯಲ್ಲಿ ಮದ್ಯ ಕುಡಿದಿರುತ್ತಾರೆ. ಹಾಗೆ ಕುಡಿದ 67 ತಾಯಂದಿರಲ್ಲಿ ಒಬ್ಬರ ಮಗುವಿಗೆ ಪೂರ್ಣ ಲಕ್ಷಣಗಳ ಸಿಂಡ್ರೋಮ್ ಬರುತ್ತದೆ. ಎಲ್ಲ ಬಗೆಯ ತೊಂದರೆಗಳನ್ನೂ ಸೇರಿಸಿದರೆ 13 ತಾಯಂದಿರಲ್ಲಿ ಒಬ್ಬರ ಮಗುವಿಗೆ.

ಭಾರತದಲ್ಲಿ ಮದ್ಯ ಕುಡಿಯುವ ಹೆಂಗಸರ ಪ್ರಮಾಣ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಶೇಕಡಾ ಒಂದರ ಆಸುಪಾಸು. ಮನೆಗೆ ಬಂದ ಅಪರಿಚಿತರು ಕೇಳುವ ಪ್ರಶ್ನೆಗೆ ಯಾರು ತಾನೇ ಹೌದು ಎನ್ನುತ್ತಾರೆ ಎಂಬ ಅನುಮಾನ ಇದ್ದೇ ಇದೆ. ಅದಕ್ಕಿಂತ ಮುಖ್ಯವಾಗಿ, ಸರಾಸರಿಯು ಊರಿಂದೂರಿಗೆ, ಮನೆಯಿಂದ ಮನೆಗೆ ಇರುವ ವ್ಯತ್ಯಾಸವನ್ನು ಮುಚ್ಚಿಡುತ್ತದೆ. ಕಾಫಿ ತೋಟಗಳ ನಾಡಾದ ನಮ್ಮ ಕೊಡಗಿನಲ್ಲಿ ಮದ್ಯ ಕದ್ದುಮುಚ್ಚಿ ಕುಡಿಯುವ ವಸ್ತುವಲ್ಲ. ಮದುವೆ ಊಟದಲ್ಲಿ, ಹಬ್ಬದಲ್ಲಿ, ಗುರು ಕಾರೋಣರಿಗೆ (ಕುಲದ ಹಿರಿಯರಿಗೆ) ಎಡೆಯಿಡುವಲ್ಲಿ ಅದಕ್ಕೆ ಮರ್ಯಾದೆಯ ಜಾಗವಿದೆ. ಮಡಿಕೇರಿಯ ಅಂಗಡಿಗಳಲ್ಲಿ ಜೇನು, ಕಾಳುಮೆಣಸುಗಳ ಪಕ್ಕದಲ್ಲೇ ‘ಹೋಂ ಮೇಡ್ ವೈನ್’ ಸಾಲಾಗಿ ನಿಂತಿರುತ್ತದೆ. ತೋಟದ ಕೆಲಸಗಾರರ ಲೈನ್‌ಮನೆಗಳಲ್ಲಿ ಮತ್ತು ಆದಿವಾಸಿಗಳ ಹಾಡಿಗಳಲ್ಲಿ ಕುಡಿತದ ಚಹರೆ ಬೇರೆ: ಬಟವಾಡೆಯ ದಿನ, ಸಂತೆಯ ದಿನ, ದಿನವಿಡೀ ಮಳೆಯಲ್ಲಿ ನೆನೆದು ಬಂದ ಸಂಜೆ. ಇವುಗಳಲ್ಲಿ ಒಂದನ್ನು ಸಂಪ್ರದಾಯವೆಂದೂ ಇನ್ನೊಂದನ್ನು ಚಟವೆಂದೂ ಕರೆಯುವ ನಮ್ಮ ಅಭ್ಯಾಸವನ್ನು ಗರ್ಭದಲ್ಲಿರುವ ಶಿಶುವಿನ ಯಕೃತ್ತು ಗುರುತಿಸುವುದಿಲ್ಲ. (ಚಳಿಗೆ ಒಂದು ಪೆಗ್ ಎಂಬುದೂ ನಿಜವಲ್ಲ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ತೋರುತ್ತದೆ. ವಾಸ್ತವದಲ್ಲಿ ದೇಹ ತನ್ನ ಶಾಖವನ್ನು ಕಳೆದುಕೊಳ್ಳುತ್ತಿರುತ್ತದೆ.)

ಪ್ರಮಾಣದ ಬಗ್ಗೆಯೂ ಸ್ಪಷ್ಟತೆ ಬೇಕು, ಏಕೆಂದರೆ ‘ಸ್ವಲ್ಪ’ ಎಂಬ ಪದಕ್ಕೆ ಒಬ್ಬೊಬ್ಬರಲ್ಲಿ ಒಂದೊಂದು ಅರ್ಥ. ಹತ್ತು ಗ್ರಾಂ ಶುದ್ಧ ಆಲ್ಕೋಹಾಲನ್ನು ಒಂದು ಅಳತೆ ಎಂದು ಹಿಡಿದರೆ, 30 ಮಿಲಿಲೀಟರ್ ಬ್ರಾಂದಿ, ರಮ್ ಅಥವಾ ವಿಸ್ಕಿಯಲ್ಲಿ ಒಂದು ಅಳತೆ ಇರುತ್ತದೆ. ಜನ ‘ನೈಂಟಿ’ ಎಂದು ಕೇಳಿ ಕೊಳ್ಳುವ 90 ಮಿಲಿಲೀಟರಿನ ಪ್ಯಾಕೆಟ್‌ನಲ್ಲಿ ಮೂರು, 180 ಮಿಲಿಲೀಟರಿನ ಕ್ವಾರ್ಟರ್‌ನಲ್ಲಿ ಆರು. 650 ಮಿಲಿಲೀಟರಿನ ಬಿಯರ್ ಬಾಟಲಿಯಲ್ಲಿ ಆಲ್ಕೋಹಾಲ್ ಶೇಕಡಾ ಐದಿದ್ದರೆ ಎರಡೂವರೆ, ಎಂಟಿದ್ದರೆ ನಾಲ್ಕು. ಮನೆಯಲ್ಲಿ ಮಾಡಿದ ದ್ರಾಕ್ಷಿ ಅಥವಾ ಶುಂಠಿ ವೈನಿನ ತೀಕ್ಷ್ಣತೆಯನ್ನು ಯಾರೂ ಅಳೆದಿರುವುದಿಲ್ಲ. ಸಿಹಿಯಾಗಿರುತ್ತದೆ, ಹಣ್ಣಿನದಾಗಿರುತ್ತದೆ, ಆದ್ದರಿಂದ ಅದು ‘ಕುಡಿತ’ ಅಲ್ಲವೆಂಬ ನಂಬಿಕೆ ಮಾತ್ರ ಗಟ್ಟಿಯಾಗಿರುತ್ತದೆ. ನೀವು ಮದ್ಯ ಕುಡಿಯುತ್ತೀರಾ ಎಂದು ಕೇಳಿದರೆ ಇಲ್ಲವೆನ್ನುವ ಹೆಂಗಸು, ವೈನ್ ತೆಗೆದುಕೊಳ್ಳುತ್ತೀರಾ ಎಂದರೆ ಸಂಕೋಚವಿಲ್ಲದೆ ಹೌದೆನ್ನಬಹುದು. ಹೆರಿಗೆಯ ನಂತರ ಬಾಣಂತಿಗೆ ‘ಮದ್ದು’ ಎಂದು ಬ್ರಾಂದಿ ಕೊಡುವ ರೂಢಿಯಿರುವ ಮನೆಗಳಲ್ಲೂ ಹೀಗೆಯೇ. ಆದ್ದರಿಂದ ಪ್ರಶ್ನೆ ಪಾನೀಯದ ಹೆಸರು ಹಿಡಿದೇ ಬರಬೇಕು.

ಹಾಗಾದರೆ ಅಪಾಯದಲ್ಲಿರುವ ಹೆಂಗಸು ಯಾರು? ಕುಡಿತದ ಚಟ ಹತ್ತಿದವಳು ಎಂಬ ಉತ್ತರ ಅರ್ಧ ಮಾತ್ರ ಸರಿ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಮೂರು ಸಂಗತಿಗಳು ಒಟ್ಟಿಗೆ ಇರುವುದನ್ನು ನೋಡುತ್ತಾರೆ: ಅವಳು ಗರ್ಭಕ್ಕೆ ಹಾನಿಯಾಗುವಷ್ಟು ಮದ್ಯ ಕುಡಿಯುತ್ತಿದ್ದಾಳೆ, ಗಂಡಸಿನೊಂದಿಗೆ ದೈಹಿಕ ಸಂಬಂಧವಿದೆ, ನಂಬಬಹುದಾದ ಗರ್ಭನಿರೋಧಕ ಬಳಸುತ್ತಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ಮದ್ಯಕ್ಕೆ ಸಿಕ್ಕಿದ ಗರ್ಭವೆಂಬುದು ಉಂಟಾಗುವುದಿಲ್ಲ. ಕರ್ನಾಟಕದಲ್ಲಿ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುತ್ತಾರೆ. ಅದಕ್ಕೆ ಮುಂಚಿನ ವರ್ಷಗಳಲ್ಲಿ ತಾತ್ಕಾಲಿಕ ವಿಧಾನಗಳನ್ನು ಬಳಸುವವರು ತೀರ ಕಡಿಮೆ. ಅಂದರೆ ಮದುವೆಗೂ ಆಪರೇಷನ್ನಿಗೂ ನಡುವಿನ ಐದಾರು ವರ್ಷಗಳಲ್ಲಿ ಅಪಾಯವೆಲ್ಲ ಬಂದು ಶೇಖರವಾಗಿರುತ್ತದೆ. ಅದೇ ವರ್ಷಗಳಲ್ಲಿ ಹೆರಿಗೆಗಳೂ ಆಗುತ್ತವೆ.

ಈ ಮೂರು ಕೊಂಡಿಗಳ ತಿಳಿವಳಿಕೆಯ ಮೇಲೆಯೇ ನಿಂತಿರುವ ಕಾರ್ಯಕ್ರಮ ‘ಚಾಯ್ಸಸ್’, ಅಂದರೆ ಆಯ್ಕೆಗಳು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ನೆರವಿನಿಂದ ರೂಪಿಸಿದ ಇದನ್ನು ಫ್ಲಾರಿಡಾ, ಟೆಕ್ಸಸ್ ಮತ್ತು ವರ್ಜೀನಿಯಾಗಳಲ್ಲಿ 18ರಿಂದ 44 ವರ್ಷದೊಳಗಿನ 830 ಹೆಂಗಸರೊಂದಿಗೆ ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಅವರಲ್ಲಿ ಯಾರೂ ಗರ್ಭಿಣಿಯರಲ್ಲ. ಎಲ್ಲರೂ ಮೇಲೆ ಹೇಳಿದ ಮೂರು ಸಂಗತಿಗಳಿಂದ ಅಪಾಯದಲ್ಲಿದ್ದವರು. ಒಂದು ಗುಂಪಿಗೆ ಮಾಹಿತಿಯನ್ನಷ್ಟೇ ಕೊಟ್ಟರು. ಇನ್ನೊಂದು ಗುಂಪಿನವರೊಂದಿಗೆ ಮಾಹಿತಿಯ ಜೊತೆಗೆ ನಾಲ್ಕು ಬಾರಿ ಆಪ್ತ ಸಮಾಲೋಚನೆ, ಒಂದು ಬಾರಿ ಗರ್ಭನಿರೋಧಕದ ಬಗ್ಗೆ ವೈದ್ಯಕೀಯ ಸಲಹೆ ನಡೆಯಿತು. ಒಂಬತ್ತು ತಿಂಗಳವರೆಗೆ ಹಿಂಬಾಲಿಸಿ ನೋಡಿದಾಗ, ಸಮಾಲೋಚನೆ ಪಡೆದವರಲ್ಲಿ ನೂರಕ್ಕೆ ಸುಮಾರು 69 ಮಂದಿ ಅಪಾಯದಿಂದ ಹೊರಬಂದಿದ್ದರು, ಇನ್ನೊಂದು ಗುಂಪಿನಲ್ಲಿ ಸುಮಾರು 54 ಮಂದಿ.

ಈ ಕಾರ್ಯಕ್ರಮದ ಜಾಣತನ ಅದರ ಹೆಸರಿನಲ್ಲೇ ಇದೆ. ಕುಡಿತ ಬಿಡುವುದು ಅಥವಾ ತೀರ ತಗ್ಗಿಸುವುದು ಒಂದು ಬಾಗಿಲು. ನಂಬಬಹುದಾದ ಗರ್ಭನಿರೋಧಕವನ್ನು ತಪ್ಪದೆ ಬಳಸುವುದು ಇನ್ನೊಂದು. ಎರಡರಲ್ಲಿ ಯಾವುದನ್ನು ಮೊದಲು ತೆರೆಯಬೇಕೆಂದು ತೀರ್ಮಾನಿಸುವವಳು ಆ ಹೆಂಗಸೇ. ಇಂದು ಕುಡಿತ ಬಿಡಲಾರೆ, ಆದರೆ ಎರಡು ವರ್ಷ ಮಗು ಬೇಡವೆನ್ನುವವಳಿಗೆ ಗರ್ಭನಿರೋಧಕದಿಂದ ಕಾಲಾವಕಾಶ ದೊರೆಯುತ್ತದೆ. ಮಗು ಈಗಲೇ ಬೇಕು ಎನ್ನುವವಳಿಗೆ ಕುಡಿತ ಬಿಡುವುದಕ್ಕೆ ಅದಕ್ಕಿಂತ ಬಲವಾದ ಕಾರಣ ಬೇರೊಂದಿಲ್ಲ. ನಮ್ಮ ಮದ್ಯವ್ಯಸನ ಕೇಂದ್ರಗಳು ಮೊದಲ ಬಾಗಿಲ ಬಳಿ, ಕುಟುಂಬ ಯೋಜನೆಯ ಕೊಠಡಿಗಳು ಎರಡನೆಯದರ ಬಳಿ ಕುಳಿತಿವೆ. ಒಂದರವರಿಗೆ ಇನ್ನೊಂದರ ಪ್ರಶ್ನೆ ಕೇಳುವ ಅಭ್ಯಾಸವಿಲ್ಲ. ನನ್ನ ದೃಷ್ಟಿಯಲ್ಲಿ ಚಾಯ್ಸಸ್‌ನಿಂದ ಕಲಿಯಬೇಕಾದದ್ದು ಈ ಎರಡು ಪ್ರಶ್ನೆಗಳನ್ನು ಒಬ್ಬರೇ, ಒಂದೇ ಕೂರುವಿಕೆಯಲ್ಲಿ ಕೇಳುವುದು.

ಕೇಳುವ ರೀತಿಯೂ ಮುಖ್ಯ. ಇಲ್ಲಿ ಬಳಸುವ ವಿಧಾನವನ್ನು ಪ್ರೇರಣಾ ಸಂದರ್ಶನ ಎನ್ನಬಹುದು. ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಇದರ ಮೊದಲ ರೂಪವನ್ನು ಬರೆದರು, ಮುಂದೆ ಸ್ಟೀಫನ್ ರೋಲ್ನಿಕ್ ಅವರೊಂದಿಗೆ ಸೇರಿ ಬೆಳೆಸಿದರು. ಬುದ್ಧಿ ಹೇಳಿದಷ್ಟೂ ಕೇಳುವವರು ತಮ್ಮನ್ನು ಸಮರ್ಥಿಸಿಕೊಳ್ಳುತ್ತಾರೆ, ಸಮರ್ಥಿಸಿಕೊಂಡಷ್ಟೂ ಹಳೆಯ ದಾರಿಯಲ್ಲೇ ಗಟ್ಟಿಯಾಗುತ್ತಾರೆ ಎಂಬುದು ಅದರ ಆಧಾರ. ಆದ್ದರಿಂದ ಬದಲಾವಣೆಯ ಕಾರಣ ಸಮಾಲೋಚಕಿಯ ಬಾಯಿಂದಲ್ಲ, ಎದುರು ಕುಳಿತವಳ ಬಾಯಿಂದ ಬರಬೇಕು. ಲೈನ್‌ಮನೆಯ ಜಗಲಿಯಲ್ಲಿ ಅದು ಹೇಗೆ ನಡೆಯಬಹುದೆಂದು ಒಂದು ಕಲ್ಪಿತ ಮಾತುಕತೆಯ ಮೂಲಕ ನೋಡಬಹುದು.

“ಕುಡಿಯೋದು ಕಮ್ಮಿ ಮಾಡೋದು ನಿನಗೆ ಎಷ್ಟು ಮುಖ್ಯ ಅನ್ಸುತ್ತೆ? ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಹೇಳು ನೋಡೋಣ” ಎಂದು ಆಶಾ ಕಾರ್ಯಕರ್ತೆ ಕೇಳುತ್ತಾಳೆ.

“ನಾಲ್ಕು ಹಾಕ್ಬಹುದು ಅಕ್ಕ.”

ಇಲ್ಲಿ ‘ನಾಲ್ಕೇ ಏಕೆ, ಹತ್ತು ಏಕಲ್ಲ’ ಎಂದು ಕೇಳಿದರೆ ಕೆಲಸ ಕೆಟ್ಟಿತು. ಅವಳು ಬಿಡಲಾಗದ ಕಾರಣಗಳ ಪಟ್ಟಿ ಕೊಡುತ್ತಾಳೆ. ತರಬೇತಿ ಪಡೆದವಳು ಅದನ್ನು ತಿರುಗಿಸಿ ಕೇಳುತ್ತಾಳೆ: “ಒಂದು ಹಾಕಬಹುದಿತ್ತಲ್ಲ, ನಾಲ್ಕು ಯಾಕೆ ಹಾಕಿದೆ?”

“ದೊಡ್ಡವಳು ಹುಟ್ಟೋವಾಗ ತೂಕನೇ ಇರ್ಲಿಲ್ಲ ಅಕ್ಕ. ಇನ್ನೊಂದು ಹಾಗಾಗೋದು ಬೇಡ ಅಂತ. ಮತ್ತೆ ಬಟವಾಡೆ ದುಡ್ಡು ಎರಡು ದಿನನೂ ನಿಲ್ಲೋದಿಲ್ಲ.”

ಎರಡು ಕಾರಣಗಳನ್ನು ಅವಳೇ ಹೇಳಿದ್ದಾಳೆ. ಮುಂದಿನ ಭೇಟಿಯಲ್ಲಿ ಮಾತು ಶುರುವಾಗುವುದು ಈ ಎರಡರಿಂದಲೇ. ಯಕೃತ್ತಿನ ಚಿತ್ರವಿರುವ ಫ್ಲಿಪ್ ಚಾರ್ಟಿನಿಂದಲ್ಲ. ಕುಡಿಯುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸುವುದು, ಯಾವ ದಿನ, ಯಾರ ಜೊತೆ, ಏಕೆ ಎಂದು ತಾನೇ ಗಮನಿಸುವುದು, ಬಟವಾಡೆಯ ಸಂಜೆಗೆ ಬೇರೊಂದು ಏರ್ಪಾಡು ಮಾಡಿಕೊಳ್ಳುವುದು, ತಾನು ಮುಟ್ಟಬಲ್ಲ ಗುರಿಯನ್ನು ಬರೆದಿಟ್ಟುಕೊಳ್ಳುವುದು ಉಳಿದ ಭೇಟಿಗಳ ಕೆಲಸ. ಓದು ಬರಹ ಬಾರದವಳಿಗೆ ಕ್ಯಾಲೆಂಡರಿನಲ್ಲಿ ಕಾಫಿ ಬೀಜ ಅಂಟಿಸಿದರೂ ಆದೀತು.

ಕೊಡಗಿನಲ್ಲಿ ಇದಕ್ಕೆ ಹೊಸ ಕಟ್ಟಡ ಬೇಡ. ಉಪಕೇಂದ್ರದ ಆರೋಗ್ಯ ಸಿಬ್ಬಂದಿಯೂ ಆಶಾ ಕಾರ್ಯಕರ್ತೆಯರೂ ಇಟ್ಟುಕೊಳ್ಳುವ ಅರ್ಹ ದಂಪತಿಗಳ ನೋಂದಣಿ ಪುಸ್ತಕ ಎಂಬುದೊಂದಿದೆ. ಮಕ್ಕಳಾಗುವ ವಯಸ್ಸಿನ ವಿವಾಹಿತ ಹೆಂಗಸರ ಹೆಸರು, ಮಕ್ಕಳ ಸಂಖ್ಯೆ, ಬಳಸುತ್ತಿರುವ ಕುಟುಂಬ ಯೋಜನೆ ವಿಧಾನ ಅದರಲ್ಲಿ ದಾಖಲಾಗುತ್ತವೆ. ತಾಯಿ ಕಾರ್ಡ್ ಗರ್ಭ ತಿಳಿದ ಮೇಲೆ ಹುಟ್ಟಿದರೆ, ಈ ಪುಸ್ತಕ ಗರ್ಭಕ್ಕಿಂತ ಮೊದಲೇ ಇರುತ್ತದೆ. ಯಾವ ವಿಧಾನ ಬಳಸುತ್ತಿದ್ದೀರಿ ಎಂಬ ಪ್ರಶ್ನೆ ಅಲ್ಲಿ ಈಗಾಗಲೇ ಇದೆ. ಕಳೆದ ತಿಂಗಳಲ್ಲಿ ವೈನ್, ಬಿಯರ್, ಬ್ರಾಂದಿ ಅಥವಾ ಬೇರೆ ಯಾವುದಾದರೂ ಕುಡಿದದ್ದುಂಟೇ, ಎಷ್ಟು ದಿನ, ಎಷ್ಟು ಎಂಬ ಪ್ರಶ್ನೆಯೊಂದು ಅದರ ಪಕ್ಕಕ್ಕೆ ಬಂದರೆ ಎರಡೂ ಕೊಂಡಿಗಳು ಒಂದೇ ಸಾಲಿನಲ್ಲಿ ಕಾಣುತ್ತವೆ. ಇದಕ್ಕೆ ಎರಡು ತೊಡಕುಗಳಿವೆ. ಮದುವೆಯಾಗದವರು ಈ ಪುಸ್ತಕದಲ್ಲಿ ಇರುವುದಿಲ್ಲ. ಮತ್ತು ಊರಿನವಳೇ ಆದ ಆಶಾ ಕಾರ್ಯಕರ್ತೆ ಬರೆದುಕೊಂಡ ಉತ್ತರ ಊರಿಗೆಲ್ಲ ತಿಳಿಯುತ್ತದೆಂಬ ಭಯ ಇದ್ದರೆ ಯಾರೂ ಸತ್ಯ ಹೇಳುವುದಿಲ್ಲ. ಹೀಗಾಗಿ ಉತ್ತರವನ್ನು ಸಂಕೇತದಲ್ಲಿ ಬರೆಯುವುದು, ಅತ್ತೆ ಗಂಡಂದಿರ ಎದುರು ಕೇಳದಿರುವುದು, ತೋಟದ ರೈಟರ್ (ಗುಮಾಸ್ತ) ಅಥವಾ ಮೇಸ್ತ್ರಿಯ ಕೈಗೆ ಪಟ್ಟಿ ಸಿಗದಂತೆ ನೋಡಿಕೊಳ್ಳುವುದು ಕಾರ್ಯಕ್ರಮದ ಶಿಷ್ಟಾಚಾರವಲ್ಲ, ಜೀವಾಳ.

ಯಾರನ್ನು ಕೇಳಬೇಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2014ರ ಮಾರ್ಗಸೂಚಿಯಲ್ಲಿ ಸ್ಪಷ್ಟ ಉತ್ತರ ಕೊಟ್ಟಿದೆ: ಎಲ್ಲ ಗರ್ಭಿಣಿಯರನ್ನೂ, ಆದಷ್ಟು ಬೇಗ, ಪ್ರತಿ ಭೇಟಿಯಲ್ಲೂ. ಇದೇ ನಿಯಮವನ್ನು ಗರ್ಭಕ್ಕೆ ಮುಂಚಿನ ಪ್ರಶ್ನೆಗೂ ಅನ್ವಯಿಸಬೇಕು. ಹಾಡಿಯ ಹೆಂಗಸನ್ನು ಕೇಳಿ, ಬಂಗಲೆಯ ಹೆಂಗಸನ್ನು ಕೇಳದೆ ಬಿಟ್ಟರೆ ಕಾರ್ಯಕ್ರಮ ಆರೋಗ್ಯದ್ದಾಗಿ ಉಳಿಯದೆ ಜಾತಿ ವರ್ಗಗಳ ತನಿಖೆಯಾಗುತ್ತದೆ.

ಗರ್ಭನಿರೋಧಕಗಳ ವಿಷಯದಲ್ಲಿ ನಮ್ಮ ಸ್ಥಿತಿ ಕೆಟ್ಟದಾಗಿಲ್ಲ. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ‘ಅಂತರಾ’ ಚುಚ್ಚುಮದ್ದು ಮತ್ತು ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದರಂತೆ ನುಂಗುವ ‘ಛಾಯಾ’ ಮಾತ್ರೆಗಳನ್ನು ಸರ್ಕಾರ 2017ರಿಂದ ಉಚಿತವಾಗಿ ಕೊಡುತ್ತಿದೆ. ಗರ್ಭಕೋಶದೊಳಗೆ ಅಳವಡಿಸುವ ವಂಕಿಯಲ್ಲಿ (ಕಾಪರ್ ಟಿ) ಐದು ವರ್ಷದ್ದೂ ಹತ್ತು ವರ್ಷದ್ದೂ ಇವೆ. ಹೆರಿಗೆಯಾದ 48 ಗಂಟೆಗಳೊಳಗೆ ಅಥವಾ ಆರು ವಾರಗಳ ನಂತರ ಅದನ್ನು ಅಳವಡಿಸಬಹುದು. ಕುಡಿತದ ಹಿನ್ನೆಲೆಯಲ್ಲಿ ಇವುಗಳಲ್ಲಿ ಒಂದು ವ್ಯತ್ಯಾಸವಿದೆ. ಕುಡಿದ ರಾತ್ರಿ ಮಾತ್ರೆ ಮರೆತುಹೋಗುತ್ತದೆ, ಕಾಂಡೋಮ್ ಬಳಸುವ ಮಾತೇ ಬರುವುದಿಲ್ಲ. ವಂಕಿ ಮತ್ತು ಚುಚ್ಚುಮದ್ದು ದಿನದಿನದ ನೆನಪನ್ನು ನಂಬಿ ಕೂತಿರುವುದಿಲ್ಲ. ಆದರೂ ಆಯ್ಕೆ ಅವಳದೇ. ಕುಡಿಯುತ್ತಾಳೆಂಬ ಕಾರಣಕ್ಕೆ ಒಬ್ಬಳಿಗೆ ವಂಕಿಯನ್ನೋ ಆಪರೇಷನ್ನನ್ನೋ ಒತ್ತಾಯದಿಂದ ಹೇರುವುದಕ್ಕೂ ನೆರವಿಗೂ ಸಂಬಂಧವಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಮದ್ಯಕ್ಕೆ ದಾಸರಾಗದವರ ಮಾತು. ದಿನವೂ ಕುಡಿಯುವ, ಬೆಳಗ್ಗೆ ಎದ್ದೊಡನೆ ಕೈನಡುಕ ನಿಲ್ಲಲು ಒಂದು ಗುಟುಕು ಬೇಕಾಗುವ ಹೆಂಗಸಿಗೆ ನಾಲ್ಕು ಮಾತುಕತೆ ಸಾಲದು. ಅವಳಿಗೆ ‘ಇವತ್ತೇ ಬಿಟ್ಟುಬಿಡು’ ಎನ್ನುವುದೂ ಅಪಾಯಕಾರಿ: ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣುವ, ಕೇಳುವ ಸನ್ನಿಯ ಸ್ಥಿತಿ ಉಂಟಾಗಬಹುದು. ಗರ್ಭಿಣಿಯಾಗಿದ್ದರೆ ಇಬ್ಬರ ಜೀವಕ್ಕೂ ಕುತ್ತು. ಅವಳನ್ನು ಆಸ್ಪತ್ರೆಗೆ ಸೇರಿಸಿ, ವೈದ್ಯರ ನಿಗಾದಲ್ಲಿ ಔಷಧ ಮತ್ತು ಥಯಮಿನ್ (ಬಿ1 ಜೀವಸತ್ವ) ಕೊಟ್ಟು ಬಿಡಿಸಬೇಕು. ಜಿಲ್ಲೆಯಲ್ಲಿ ಇದಕ್ಕೆ ಮಡಿಕೇರಿಯ ಬೋಧಕ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ, ತಾಲ್ಲೂಕು ಮಟ್ಟದಲ್ಲಿ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕಾರ್ಯಕ್ರಮದ ಭೇಟಿಗಳು, ದೂರವಾಣಿಯಲ್ಲಿ 14416ರ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಆಸರೆಯಾಗಬಲ್ಲವು. ಮನೆಯವರು ಗುಟ್ಟಾಗಿ ಊಟದಲ್ಲಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’ಗಳಿಂದ ಮಾತ್ರ ದೂರವಿರಬೇಕು, ಅದರಲ್ಲಿರುವುದು ಏನೆಂದು ಗೊತ್ತಿಲ್ಲದೆ ಗರ್ಭಿಣಿಗೆ ಕೊಡುವುದು ಮದ್ಯದಷ್ಟೇ ಕೆಟ್ಟದ್ದಾಗಬಹುದು.

ಇಂಥ ತಾಯಂದಿರಿಗಾಗಿ ಬೇರೆ ಬಗೆಯ ಕಾರ್ಯಕ್ರಮಗಳಿವೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1991ರಲ್ಲಿ ಆರಂಭವಾದ ತಾಯಿ ಮಗು ನೆರವು ಕಾರ್ಯಕ್ರಮ, ಗರ್ಭದಲ್ಲಿ ಹೆಚ್ಚು ಮದ್ಯ ಅಥವಾ ಮಾದಕ ವಸ್ತು ಬಳಸಿದ ತಾಯಿಯೊಬ್ಬಳ ಜೊತೆ ಮೂರು ವರ್ಷ ನಿಲ್ಲುತ್ತದೆ. ಒಬ್ಬ ಕಾರ್ಯಕರ್ತೆ ಕೆಲವೇ ಕುಟುಂಬಗಳನ್ನು ವಹಿಸಿಕೊಂಡು ಮನೆಗೆ ಹೋಗುತ್ತಾಳೆ. ಚಿಕಿತ್ಸೆ, ಮನೆ ಬಾಡಿಗೆ, ಗರ್ಭನಿರೋಧಕ, ಮಗುವಿನ ಚುಚ್ಚುಮದ್ದು, ನ್ಯಾಯಾಲಯದ ದಿನಾಂಕ ಎಲ್ಲಕ್ಕೂ ಜೊತೆಯಾಗುತ್ತಾಳೆ. ತಾಯಿ ಮತ್ತೆ ಕುಡಿದಳೆಂದು ಕಾರ್ಯಕ್ರಮದಿಂದ ಹೊರಹಾಕುವುದಿಲ್ಲ. ಮರುಕಳಿಕೆ ಕಾಯಿಲೆಯ ಭಾಗವೆಂಬ ತಿಳಿವಳಿಕೆ ಅಲ್ಲಿ ಮೊದಲಿನಿಂದಲೂ ಇದೆ. ಕೆನಡಾದ ವ್ಯಾಂಕೂವರ್‌ನಲ್ಲಿ 1993ರಲ್ಲಿ ಶುರುವಾದ ‘ಶೀವೇ’ ಇನ್ನೊಂದು ದಾರಿ ಹಿಡಿಯಿತು: ಬಿಸಿ ಊಟ, ಹೆರಿಗೆ ತಪಾಸಣೆ, ಮಗುವಿನ ಬಟ್ಟೆ, ವ್ಯಸನದ ಸಮಾಲೋಚನೆ ಎಲ್ಲವೂ ಒಂದೇ ಬಾಗಿಲೊಳಗೆ. ಊಟಕ್ಕೆಂದು ಬಂದವಳು ತಪಾಸಣೆಗೂ ಕೂರುತ್ತಾಳೆ. ಕರ್ನಾಟಕದಲ್ಲಿ 2017ರ ಅಕ್ಟೋಬರ್‌ನಿಂದ ನಡೆದುಬಂದಿರುವ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ ಬಾಣಂತಿಯರು ಅಂಗನವಾಡಿಯಲ್ಲಿ ಮಧ್ಯಾಹ್ನ ಊಟ ಮಾಡುವುದನ್ನು ಬಲ್ಲವರಿಗೆ ಇದು ಅಪರಿಚಿತ ಕಲ್ಪನೆ ಎನ್ನಿಸದು; ಅಲ್ಲಿ ಊಟವಿದೆ, ಸಮಾಲೋಚನೆಯನ್ನು ಮಾತ್ರ ಸೇರಿಸಬೇಕು.

ತೋಟಗಳ ನಾಡಿನವರಾದ ನಾವು ದಕ್ಷಿಣ ಆಫ್ರಿಕಾದ ಪಶ್ಚಿಮ ಕೇಪ್ ಪ್ರಾಂತ್ಯದ ಕಡೆ ಒಮ್ಮೆ ನೋಡುವುದು ಒಳ್ಳೆಯದು. ಅಲ್ಲಿನ ದ್ರಾಕ್ಷಿ ತೋಟಗಳಲ್ಲಿ ಕೂಲಿಯ ಒಂದು ಪಾಲನ್ನು ಅಗ್ಗದ ವೈನ್ ರೂಪದಲ್ಲಿ ಕೊಡುವ ‘ಡಾಪ್’ ಎಂಬ ಪದ್ಧತಿ ತಲೆಮಾರುಗಳ ಕಾಲ ನಡೆಯಿತು. ಕಾನೂನು ಅದನ್ನು ನಿಷೇಧಿಸಿದ ಮೇಲೂ ವಾರಾಂತ್ಯದ ಕುಡಿತ ಕೆಲಸಗಾರರ ಬದುಕಿನಲ್ಲಿ ಉಳಿದುಕೊಂಡಿತು. ಜಗತ್ತಿನಲ್ಲೇ ಗರ್ಭದಲ್ಲಿ ಮದ್ಯದಿಂದ ಆಗುವ ತೊಂದರೆಗಳು ಅತಿ ಹೆಚ್ಚು ಪ್ರಮಾಣದಲ್ಲಿ ದಾಖಲಾದ ಸಮುದಾಯಗಳಲ್ಲಿ ಆ ತೋಟಗಳ ಸುತ್ತಲಿನ ಊರುಗಳು ಸೇರಿವೆ. ಅಲ್ಲಿನ ತಾಯಂದಿರನ್ನು ದೂರುವುದು ಸುಲಭ. ಆದರೆ ವೈನನ್ನು ಕೂಲಿಯಾಗಿ ಅಳೆದು ಕೊಟ್ಟವರು ತಾಯಂದಿರಲ್ಲ.

ದೂರುವುದು ಕಾನೂನಿನ ರೂಪ ಪಡೆದಾಗ ಏನಾಗುತ್ತದೆಂಬುದೂ ಗೊತ್ತಿದೆ. ಗರ್ಭದಲ್ಲಿ ಮದ್ಯ ಅಥವಾ ಮಾದಕ ವಸ್ತು ಬಳಸುವುದನ್ನು ಅಮೆರಿಕದ ಹಲವು ರಾಜ್ಯಗಳು ಮಗುವಿನ ಮೇಲಿನ ದೌರ್ಜನ್ಯವೆಂದು ಪರಿಗಣಿಸಿವೆ. ಮಗುವನ್ನು ಕಿತ್ತುಕೊಳ್ಳುತ್ತಾರೆಂಬ ಭಯ ಹುಟ್ಟಿದಲ್ಲಿ ತಾಯಂದಿರು ಮೊದಲು ಬಿಡುವುದು ಕುಡಿತವನ್ನಲ್ಲ, ತಪಾಸಣೆಯನ್ನು. ನಮ್ಮಲ್ಲಿ ಆ ಕಾನೂನಿಲ್ಲದಿದ್ದರೂ ವಾರ್ಡಿನಲ್ಲಿ ನಾಲ್ಕು ಜನರ ಎದುರು ನರ್ಸ್ ಆಡುವ ಒಂದು ಚುಚ್ಚುಮಾತು ಅದೇ ಕೆಲಸ ಮಾಡುತ್ತದೆ.

ಗಂಡಸರ ಪಾತ್ರವನ್ನು ಬದಿಗಿಟ್ಟು ಈ ಮಾತು ಮುಂದುವರಿಯುವುದಿಲ್ಲ. ಹೆಂಡತಿಯ ಲೋಟ ತುಂಬುವವನು ಬಹಳ ಮನೆಗಳಲ್ಲಿ ಗಂಡನೇ. ಕಾಂಡೋಮ್ ಬಳಸುವುದೋ ಬೇಡವೋ ಎಂದು ತೀರ್ಮಾನಿಸುವವನೂ ಅವನೇ. ಅವನು ಕುಡಿದು ಹೊಡೆದ ರಾತ್ರಿ ನೋವು ಮರೆಯಲು ಅವಳು ಕುಡಿಯುವುದೂ ಉಂಟು. ಆದ್ದರಿಂದ ಸಮಾಲೋಚನೆಯ ಒಂದು ಭೇಟಿಗೆ, ಅವಳು ಒಪ್ಪಿದರೆ ಮಾತ್ರ, ಅವನನ್ನೂ ಕರೆಯುವುದು ಲೇಸು. ಹೊಡೆತವಿರುವ ಮನೆಯಲ್ಲಿ ಕರೆಯಬಾರದು. ಅಲ್ಲಿ ಮೊದಲು ಬೇಕಾದದ್ದು 181ರ ಮಹಿಳಾ ಸಹಾಯವಾಣಿ ಮತ್ತು ದೌರ್ಜನ್ಯಕ್ಕೆ ಸಿಕ್ಕ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ.

ಮೊದಲ ಮಗುವಿಗೆ ಮದ್ಯದಿಂದ ಹಾನಿಯಾಗಿದ್ದರೆ, ತಾಯಿ ಕುಡಿತ ಮುಂದುವರಿಸಿದಲ್ಲಿ ಮುಂದಿನ ಮಗುವಿಗೆ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಮಗುವಿನ ತಪಾಸಣೆ ತಾಯಿಯ ನೆರವಿಗೆ ದಾರಿಯಾಗಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಶಾಲೆಗಳಲ್ಲಿ ಮಕ್ಕಳನ್ನು ನೋಡುತ್ತವೆ. ಬೆಳವಣಿಗೆ ಕುಂಠಿತವಾದ, ಕಲಿಕೆಯಲ್ಲಿ ಹಿಂದುಳಿದ ಮಗುವೊಂದು ಕಂಡಾಗ ಗರ್ಭಾವಸ್ಥೆಯ ಕುಡಿತದ ಬಗ್ಗೆ ತಾಯಿಯನ್ನು ಮೆಲ್ಲಗೆ ಕೇಳಿದರೆ, ಆ ಮಗುವಿಗೆ ತಕ್ಕ ಬೋಧನೆಯನ್ನು ಬೇಗ ಶುರುಮಾಡಬಹುದು. ಆರು ವರ್ಷದೊಳಗೆ ಗುರುತು ಹಿಡಿದ, ನೆಮ್ಮದಿಯ ಮನೆಯಲ್ಲಿ ಬೆಳೆದ ಮಕ್ಕಳು ಮುಂದೆ ಶಾಲೆ ಬಿಡುವುದು, ಪೊಲೀಸರ ಕೈಗೆ ಸಿಕ್ಕುವುದು ಕಡಿಮೆ ಎಂದು ಸಿಯಾಟಲ್‌ನ ದೀರ್ಘಕಾಲದ ಅಧ್ಯಯನಗಳು ತೋರಿಸಿವೆ. ಅದೇ ದಿನ ತಾಯಿಯ ಹೆಸರನ್ನು ಸಮಾಲೋಚನೆಗೂ ಸೇರಿಸಬಹುದು.

ಇನ್ನುಳಿದದ್ದು ಕಾಲದ ಹೊಂದಾಣಿಕೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಕಾಫಿ ಕೊಯ್ಲಿಗೆ ಹೊರಗಿನಿಂದ ಬರುವ ಕುಟುಂಬಗಳು ಲೈನ್‌ಮನೆಗಳಲ್ಲಿ ಇಳಿಯುತ್ತವೆ. ಬಂದ ಮೊದಲ ವಾರವೇ ಹೆಸರು ಬರೆದುಕೊಂಡರೆ ನಾಲ್ಕು ಮಾತುಕತೆ, ಒಂದು ಗರ್ಭನಿರೋಧಕ ಸಲಹೆ ಕೊಯ್ಲಿನ ಒಳಗೇ ಮುಗಿಯುತ್ತವೆ. ಭಾನುವಾರ ಅಥವಾ ಸಂತೆಯ ದಿನ ಕೆಲಸವಿಲ್ಲದಿರುವುದರಿಂದ ಕೂಲಿಯೂ ತಪ್ಪುವುದಿಲ್ಲ. ಆದರೆ ಡಿಸೆಂಬರಿನ ಕೊನೆಯಲ್ಲಿ ಹಾಕಿಸಿಕೊಂಡ ಅಂತರಾ ಚುಚ್ಚುಮದ್ದಿನ ಎರಡನೆಯ ಸರದಿ ಬರುವುದು ಮಾರ್ಚ್ ಕೊನೆಗೆ. ಆ ಹೊತ್ತಿಗೆ ಆ ಕುಟುಂಬ ಅಸ್ಸಾಮಿನಲ್ಲೋ ಹುಣಸೂರಿನ ಕಡೆಯ ಹೊಗೆಸೊಪ್ಪಿನ ಹೊಲದಲ್ಲೋ ಇರುತ್ತದೆ. ಮುಂದಿನ ದಿನಾಂಕ ಬರೆದ ಕಾರ್ಡನ್ನು ಆರೋಗ್ಯ ಕೇಂದ್ರದ ಕಪಾಟಿನಲ್ಲಿಡದೆ ಅವಳ ಕೈಗೆ, ಅವಳು ಓದಬಲ್ಲ ಭಾಷೆಯಲ್ಲಿ ಕೊಟ್ಟು ಕಳುಹಿಸಬೇಕು. ಲಾರಿ ಹತ್ತುವ ಮೊದಲು ಅದು ಅವಳ ಚೀಲದಲ್ಲಿದೆಯೇ ಎಂದು ಆಶಾ ಕಾರ್ಯಕರ್ತೆ ಒಮ್ಮೆ ಕೇಳಬೇಕು.